ಹಚ್ಚೆ ಹೋಗಿ ಕಲೆ ಉಳಿಯಿತು

ನನ್ನ ಅಕ್ಕನ ಮಗ ಸೈನ್ಯ ಸೇರುವ ಆಸೆಯಿಂದ ಎರಡು ವರ್ಷ ನಸುಕಿನಲ್ಲೇ ಎದ್ದು ಓಟ ಅಭ್ಯಾಸ ಮಾಡಿದವನು. ಕಾಲೇಜು ದಿನಗಳಲ್ಲಿ ಗೆಳೆಯರ ಜತೆ ಹೋಗಿ ಭುಜದ ಕೆಳಗೆ ಹಚ್ಚೆ ಹಾಕಿಸಿಕೊಂಡಿದ್ದ. ಭಾರತೀಯ ಸೇನೆ ಶಾಶ್ವತ ಹಚ್ಚೆಯನ್ನು ಮುಂಗೈಯ ಒಳಭಾಗ ಹಾಗೂ ಅಂಗೈಯ ಹಿಂಬದಿಯಲ್ಲಿ ಮಾತ್ರ ಒಪ್ಪುತ್ತದೆ. ಬುಡಕಟ್ಟು ಸಂಪ್ರದಾಯದವರಿಗಷ್ಟೇ ವಿನಾಯಿತಿ. ಈ ನಿಯಮ ತಡವಾಗಿ ತಿಳಿದಾಗ ಅವನು ಓಡಿದ್ದು ಒಂದು ಬ್ಯೂಟಿ ಪಾರ್ಲರಿಗೆ. ಅಲ್ಲಿ ತಿರುಗುವ ಯಂತ್ರದಿಂದ ಚರ್ಮ ಉಜ್ಜಿ ಕಳುಹಿಸಿದರು. ಗಾಯ ಮಾಗಿದ ಮೇಲೆ ಉಳಿದದ್ದು ಉಬ್ಬಿದ ಕಲೆ ಮತ್ತು ಅದರ ನಡುವೆ ಇನ್ನೂ ಮಾಸದ ನೀಲಿ ಗೆರೆ.

ನಮ್ಮ ಅಜ್ಜಿಯಂದಿರೂ ಹಚ್ಚೆ ಹಾಕಿಸಿಕೊಂಡವರೇ. ಸತ್ತ ಮೇಲೂ ಜತೆಗೆ ಬರುವ ಒಡವೆ ಅದೊಂದೇ ಎಂದು ಅವರು ನಂಬಿದ್ದರು. ಅಳಿಯದೆಂದು ತಿಳಿದೇ ಸೂಜಿಗೆ ಕೈಯೊಡ್ಡಿದ್ದರು. ಇಂದಿನ ಯುವಕರಾದರೋ, ಬೇಡವಾದಾಗ ಅಳಿಸಬಹುದೆಂಬ ಭರವಸೆಯಲ್ಲಿ ಕೈಯೊಡ್ಡುತ್ತಾರೆ.

ಆ ಭರವಸೆಗೆ ಆಧಾರ ಕಡಿಮೆ. ಚರ್ಮದ ಹೊರಪದರ ಸುಮಾರು ಒಂದು ತಿಂಗಳಿಗೊಮ್ಮೆ ಹೊಸದಾಗುತ್ತದೆ. ಹಚ್ಚೆಯ ಬಣ್ಣವಿರುವುದು ಅದರ ಕೆಳಗಿನ ಒಳಪದರದಲ್ಲಿ. ಅಲ್ಲಿಯವರೆಗೆ ಉಜ್ಜುವುದೆಂದರೆ ಗಾಯ ಮಾಡುವುದೆಂದೇ ಅರ್ಥ. ಆರನೇ ಶತಮಾನದ ಗ್ರೀಕ್ ವೈದ್ಯ ಏಟಿಯಸ್ ಉಪ್ಪಿನಿಂದ ಉಜ್ಜುವ ವಿಧಾನವನ್ನು ಬರೆದಿಟ್ಟಿದ್ದ. ಉಪ್ಪಿನ ಬದಲು ಇಂದು ವಜ್ರದ ಪುಡಿ ಲೇಪಿಸಿದ ಚಕ್ರ ಬಂದಿದೆ, ತತ್ವ ಬದಲಾಗಿಲ್ಲ. ನಮ್ಮಂಥ ಕಂದು ಚರ್ಮದವರಲ್ಲಿ ಗಾಯದ ಜಾಗ ಕಪ್ಪಾಗುವ, ಬಿಳಚುವ, ಗಡ್ಡೆಗಟ್ಟುವ ಅಪಾಯವೂ ಹೆಚ್ಚು.

ಲೇಸರ್ ಚಿಕಿತ್ಸೆ ಇದಕ್ಕಿಂತ ಮೇಲು. ಅತ್ಯಲ್ಪ ಅವಧಿಯ ಬೆಳಕಿನ ಹೊಡೆತದಿಂದ ಬಣ್ಣದ ಕಣಗಳು ಪುಡಿಯಾಗುತ್ತವೆ. ದೇಹವೇ ಅವನ್ನು ನಿಧಾನವಾಗಿ ಹೊರಸಾಗಿಸುತ್ತದೆ. ಆದರೆ ವಾರಗಳ ಅಂತರದಲ್ಲಿ ಹಲವು ಸಲ ಹೋಗಬೇಕು, ಖರ್ಚು ದುಬಾರಿ, ಪೂರ್ತಿ ಅಳಿಯುವ ಖಾತರಿಯಿಲ್ಲ. ನೇಮಕಾತಿಗೆ ಕೆಲವೇ ದಿನಗಳಿರುವಾಗ ಅದೂ ಒದಗದು.

ಹಚ್ಚೆ ಹಾಕಿಸಿಕೊಳ್ಳುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಅಳಿಸುವುದು ಅಲಂಕಾರವಲ್ಲ, ಚಿಕಿತ್ಸೆ. ಅದು ಚರ್ಮವೈದ್ಯರ ಕೈಯಲ್ಲೇ ಇರಬೇಕು. ಪಾರ್ಲರುಗಳು ಚರ್ಮ ಉಜ್ಜುವುದನ್ನು ಆರೋಗ್ಯ ಇಲಾಖೆ ತಡೆಯಬೇಕು. ಸೇನೆಯ ನಿಯಮವನ್ನು ಪಿಯು ಕಾಲೇಜುಗಳ ಸೂಚನಾ ಫಲಕದಲ್ಲೇ ಹಾಕಬಾರದೇಕೆ? ಇದಕ್ಕೆ ಬೇಕಾದದ್ದು ಒಂದು ಹಾಳೆ ಕಾಗದ ಮಾತ್ರ. ಅಷ್ಟು ಸಕಾಲದಲ್ಲಿ ಸಿಕ್ಕಿದ್ದರೆ ನಮ್ಮ ಹುಡುಗ ಇಂದಿಗೂ ಬೇಸಿಗೆಯಲ್ಲಿ ತುಂಬುತೋಳಿನ ಅಂಗಿ ತೊಡುತ್ತಿರಲಿಲ್ಲ.