ಹಾವು ಸಾಕುವವರ ಮೌನ

ನಾನು ಕ್ಯಾಲಿಫೋರ್ನಿಯಾದಲ್ಲಿ ನೆಲಸಿ ಇಪ್ಪತ್ತು ವರ್ಷವಾಯಿತು. ನನ್ನ ಮನೆಯಲ್ಲಿ ಒಂಬತ್ತು ಹಾವುಗಳಿವೆ: ಏಳು ಬೋವಾ, ಎರಡು ಹೆಬ್ಬಾವು. ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆದು ಬೆಳೆದವನಿಗೆ ಇದೆಂಥ ಹುಚ್ಚು ಎಂದು ಊರಿನ ಹಿರಿಯರು ಹಳಿಯುವುದುಂಟು. ಆ ಜಗಳ ಇಂದು ಬೇಡ. ಇಂದಿನ ಜಗಳ ನನ್ನಂತೆಯೇ ಹಾವು ಸಾಕುವ ಮಿತ್ರರೊಡನೆ.

ಮೂರು ವಾರದ ಹಿಂದೆ ಒಂದು ಹೆಣ್ಣು ಬೋವಾ ನುಂಗಿದ ಇಲಿಯನ್ನು ಕಕ್ಕಿತು. ಮತ್ತೊಮ್ಮೆ ಕಕ್ಕಿತು. ಅನಂತರ ತಲೆಯನ್ನು ಮೇಲೆತ್ತಿ ಸೂರನ್ನೇ ನೋಡತೊಡಗಿತು. ಅಂಗಾತ ಮಗುಚಿದರೆ ತಾನಾಗಿ ಹೊರಳಲಾರದು. ಪಶುವೈದ್ಯರು ರಕ್ತವನ್ನು ಪರೀಕ್ಷೆಗೆ ಕಳಿಸಿದ್ದಾರೆ. ಅವರ ಶಂಕೆ 'ಇನ್‌ಕ್ಲೂಷನ್ ಬಾಡಿ ಡಿಸೀಸ್' ಎಂಬ ರೋಗದ್ದು. 1970ರ ದಶಕದಿಂದ ಗೊತ್ತಿರುವ ಈ ಅಂಟುರೋಗಕ್ಕೆ ಇಂದಿಗೂ ಮದ್ದಿಲ್ಲ.

ಮಿತ್ರರ ಬುದ್ಧಿವಾದ ಒಂದೇ: "ಫಲಿತಾಂಶ ಬರುವತನಕ ಬಾಯಿ ಬಿಡಬೇಡ. ಹೆಸರು ಕೆಟ್ಟರೆ ನಿನ್ನ ಮರಿಗಳನ್ನು ಯಾರೂ ಕೊಳ್ಳರು." ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾಣತನವಿದು. ಆದರೆ ಇಲ್ಲಿ ಹಾವು ಸತ್ತೇ ಸಾಯುತ್ತದೆ, ಅದೂ ಇನ್ನೊಬ್ಬನ ಮನೆಯಲ್ಲಿ. ಉಳಿಯುವುದು ನಮ್ಮ ಕೋಲು ಮಾತ್ರ.

"ಮಿಕ್ಕವು ಚೆನ್ನಾಗಿಯೇ ಇವೆಯಲ್ಲ" ಎನ್ನುತ್ತಾರೆ. ಅದೇ ಮೋಸ. ಸೋಂಕು ತಗಲಿದ ಬೋವಾ ವರ್ಷಗಟ್ಟಲೆ ಯಾವ ಲಕ್ಷಣವನ್ನೂ ತೋರದೆ ಉಂಡು ಬೆಳೆಯಬಲ್ಲದು. ಹೆಬ್ಬಾವಿಗಾದರೋ ರೋಗ ಬೇಗನೆ ನರಗಳಿಗೆ ಏರಿ ಕೊಲ್ಲುತ್ತದೆ. ಸೋಂಕು ತಾಯಿಯಿಂದ ಮರಿಗೂ ಇಳಿಯುತ್ತದೆ. ಹಾವಿನ ರಕ್ತ ಹೀರುವ ಸಣ್ಣ ನುಸಿ ಅದನ್ನು ಗೂಡಿನಿಂದ ಗೂಡಿಗೆ ಒಯ್ಯುತ್ತದೆಂಬ ಶಂಕೆಯೂ ಹಳೆಯದು. 'ಇಲ್ಲ' ಎಂದ ಒಂದು ಪರೀಕ್ಷೆಯನ್ನೇ ನೆಚ್ಚಿ ಕೂರುವಂತಿಲ್ಲ. ಹೀಗಿರುವಾಗ, ಖಚಿತವಾದ ಮೇಲೆ ಹೇಳುತ್ತೇನೆ ಎನ್ನುವವನು ಎಂದಿಗೂ ಹೇಳಲಾರ.

ನಾನೇನೂ ನಿರಪರಾಧಿಯಲ್ಲ. ಈ ಬೋವಾವನ್ನು ಮೂರು ವರ್ಷದ ಹಿಂದೆ ಹಾವುಗಳ ಸಂತೆಯಲ್ಲಿ ಕೊಂಡೆ. ಹೊಸ ಹಾವನ್ನು ತಿಂಗಳುಗಟ್ಟಲೆ ಬೇರೆ ಕೋಣೆಯಲ್ಲಿರಿಸತಕ್ಕದ್ದೆಂದು ಬಲ್ಲೆ. ನಾನಿರಿಸಿದ್ದು ಎರಡೇ ವಾರ; ಅದರ ಮೈಹೊಳಪಿಗೆ ಮರುಳಾದೆ. ಕಳೆದ ವರ್ಷ ಅದು ಹಾಕಿದ ಮರಿಗಳಲ್ಲಿ ಆರನ್ನು ಮಾರಿದೆ.

ಬಾಯಿಬಿಟ್ಟವರಿಂದಲೇ ಲೋಕಕ್ಕೆ ಉಪಕಾರವಾಗಿದೆ. ತನ್ನ ಬೋವಾಕ್ಕೆ ಈ ರೋಗವಿರಬಹುದೆಂದು ಹೆದರಿದ ಮಹಿಳೆಯೊಬ್ಬರು ಸ್ಯಾನ್ ಫ್ರಾನ್ಸಿಸ್ಕೋದ ವಿಜ್ಞಾನಿಗಳಿಗೆ ಕಾಗದ ಬರೆದರು. ಅಲ್ಲಿಂದ ಆರಂಭವಾದ ಶೋಧನೆಯಲ್ಲಿ, 2012ರಲ್ಲಿ, ರೋಗದ ವೈರಸ್ಸಿನ ಸುಳಿವು ಸಿಕ್ಕಿತು. ಆಕೆಯೂ ಹೆಸರು ಕೆಟ್ಟೀತೆಂದು ಸುಮ್ಮನಿದ್ದಿದ್ದರೆ?

ಕನ್ನಡದ ಓದುಗರಿಗೂ ಇದು ದೂರದ ಮಾತಲ್ಲ. 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕಿನಿಂದ ಬೆಂಗಳೂರಿಗೆ ಬಂದಿಳಿದ ಪ್ರಯಾಣಿಕನೊಬ್ಬನ ಪೆಟ್ಟಿಗೆಯಲ್ಲಿ 10 ಹಳದಿ ಅನಕೊಂಡಗಳು ಸಿಕ್ಕವು. ಅನಕೊಂಡವೂ ಬೋವಾದ ಕುಲದ್ದೇ. ಕದ್ದು ತಂದ ಹಾವಿಗೆ ಬೇರೆ ಕೋಣೆಯೆಲ್ಲಿ, ಪರೀಕ್ಷೆಯೆಲ್ಲಿ? ಅದು ಕಾಯಿಲೆ ಬಿದ್ದರೆ ಬಾಯಿಬಿಡುವ ಧೈರ್ಯ ಯಾರಿಗೆ?

ಮೊನ್ನೆ ನನ್ನಿಂದ ಮರಿ ಕೊಂಡ ಆರು ಮಂದಿಗೂ ಫೋನ್ ಮಾಡಿದೆ. ಒಬ್ಬರು ಬೈದರು. ಒಬ್ಬರು ಹಣ ಹಿಂದಕ್ಕೆ ಕೇಳಿದರು, ಕೊಡುತ್ತೇನೆ. ವಯಸ್ಸಾದ ಹೆಂಗಸೊಬ್ಬರು ಮಾತ್ರ, "ನನ್ನ ಹೆಬ್ಬಾವಿನ ಗೂಡು ಅದರ ಪಕ್ಕದಲ್ಲೇ ಇದೆ. ಈಗಲೇ ಬೇರೆ ಕೋಣೆಗೆ ಸಾಗಿಸುತ್ತೇನೆ" ಎಂದು ಫೋನ್ ಇಟ್ಟರು. ಫಲಿತಾಂಶ ಬರಲಿ ಎಂದು ಕಾದಿದ್ದರೆ ಆ ಗೂಡು ಇನ್ನೂ ಅಲ್ಲೇ ಇರುತ್ತಿತ್ತು.

ನಾಳೆ ರೋಗವಿಲ್ಲವೆಂದು ವರದಿ ಬಂದರೆ, ಸುಮ್ಮನೆ ಹೆಸರು ಕೆಡಿಸಿಕೊಂಡನೆಂದು ಮಿತ್ರರು ನಕ್ಕಾರು. ನಗಲಿ. ಅಂಥ ನಗೆಪಾಟಲಿಗೆ ಗುರಿಯಾಗಲು ಅವರೂ ಸಿದ್ಧರಾಗಲಿ ಎಂದಷ್ಟೇ ನನ್ನ ಬಿನ್ನಹ.