ಅರ್ಧ ಅಡಿ ಬಿಟ್ಟರೆ ಎಷ್ಟು ನಷ್ಟ?

ಕಳೆದ ತಿಂಗಳು ವರದಿಗೆಂದು ಹೋಗಿದ್ದ ಹಳ್ಳಿಯಲ್ಲಿ ಸೈಟ್ ವ್ಯಾಪಾರ ನಡೆದಿತ್ತು. ಟೇಪ್ ಹಿಡಿದು ಅಳೆದರು. ಅಗಲ 30 ಅಡಿ 6 ಇಂಚು, ಉದ್ದ 40 ಅಡಿ 6 ಇಂಚು. ಮಧ್ಯಸ್ಥರು ಬಾಯಲ್ಲೇ ಲೆಕ್ಕ ಹೇಳಿದರು: "ಮೂವತ್ತು ನಲವತ್ತಲ ಸಾವಿರದಿನ್ನೂರು. ಅರೆಗೆ ಅರೆ ಕಾಲು. ಒಟ್ಟು ಸಾವಿರದಿನ್ನೂರಾ ಕಾಲು ಚದರಡಿ." ಸುತ್ತ ನಿಂತವರೆಲ್ಲ ತಲೆಯಾಡಿಸಿದರು. ನಾವೂ ಆಡಿಸಿದೆವು.

ವಾಪಸ್ ಬರುವಾಗ ಬಸ್ಸಿನಲ್ಲಿ ನೋಟ್‌ಬುಕ್ ತೆಗೆದು ನೋಡಿದಾಗಲೇ ತಪ್ಪು ಗೊತ್ತಾಗಿದ್ದು.

ಆ ಸೈಟನ್ನು ನಾಲ್ಕು ತುಂಡು ಮಾಡಿ ನೋಡಿ. ದೊಡ್ಡ ತುಂಡು 30 ಅಡಿಗೆ 40 ಅಡಿ, 1200 ಚದರಡಿ. ಒಂದು ಪಕ್ಕ ಅರ್ಧ ಅಡಿ ಅಗಲದ, 40 ಅಡಿ ಉದ್ದದ ಪಟ್ಟಿ, 20 ಚದರಡಿ. ಇನ್ನೊಂದು ಪಕ್ಕ ಅರ್ಧ ಅಡಿಗೆ 30 ಅಡಿಯ ಪಟ್ಟಿ, 15 ಚದರಡಿ. ಮೂಲೆಯಲ್ಲಿ ಅರ್ಧ ಅಡಿಗೆ ಅರ್ಧ ಅಡಿಯ ಚೂರು, ಕಾಲು ಚದರಡಿ. ಒಟ್ಟು 1235¼. ಮಧ್ಯಸ್ಥರು ಮೂಲೆಯ ಚೂರನ್ನು ಹಿಡಿದುಕೊಂಡು ಎರಡು ಪಟ್ಟಿಗಳನ್ನು ಬಿಟ್ಟಿದ್ದರು. 35 ಚದರಡಿ ಲೆಕ್ಕಕ್ಕೇ ಬರಲಿಲ್ಲ. ಚದರಡಿಗೆ 500 ರೂಪಾಯಿ ಎಂದರೂ 17,500 ರೂಪಾಯಿ. ಮಾರುತ್ತಿದ್ದವರು ಮಗಳ ಮದುವೆ ಸಾಲ ತೀರಿಸಬೇಕಿದ್ದ ಒಬ್ಬ ತಾಯಿ.

ಮೊಬೈಲ್ ಕ್ಯಾಲ್ಕುಲೇಟರ್ ಇದೆಯಲ್ಲ ಎನ್ನಬೇಡಿ. ಅಲ್ಲಿ ಇನ್ನೊಂದು ಗುಂಡಿ ಇದೆ. 30 ಅಡಿ 10 ಇಂಚನ್ನು ಎಷ್ಟೋ ಜನ 30.10 ಎಂದು ಒತ್ತುತ್ತಾರೆ. 40ರಿಂದ ಗುಣಿಸಿದರೆ 1204 ಬರುತ್ತದೆ. ಅಡಿಗೆ 12 ಇಂಚು, ಹತ್ತಲ್ಲ. ಸರಿಯಾದ ಉತ್ತರ 1233 ಚಿಲ್ಲರೆ. ಅದೇ 9 ಇಂಚನ್ನು 30.9 ಎಂದು ಒತ್ತಿದರೆ 1236. ಸರಿಯಾದದ್ದು 1230. ಒಮ್ಮೆ ಮಾರುವವರಿಗೆ ನಷ್ಟ, ಒಮ್ಮೆ ಕೊಳ್ಳುವವರಿಗೆ.

ಸುಲಭ ದಾರಿ ಒಂದಿದೆ. ಎಲ್ಲವನ್ನೂ ಇಂಚು ಮಾಡಿ. 366 ಇಂಚು, 486 ಇಂಚು. ಗುಣಿಸಿ 144ರಿಂದ ಭಾಗಿಸಿ. 1235.25 ಬರುತ್ತದೆ. ಎದುರುಬದುರು ಬದಿಗಳು ಸಮ ಇವೆಯೇ, ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳತೆ ಒಂದೇ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಇಲ್ಲದಿದ್ದರೆ ಈ ಲೆಕ್ಕ ನಡೆಯದು.

ಗುಂಟೆಯಲ್ಲೂ ಇದೇ ಕಥೆ. ಒಂದು ಗುಂಟೆ 33 ಅಡಿಗೆ 33 ಅಡಿ, 1089 ಚದರಡಿ. ಎರಡೂ ಬದಿ ಅರ್ಧ ಮಾಡಿ 16½ ಅಡಿಗೆ 16½ ಅಡಿ ಕೊಟ್ಟು "ಅರ್ಧ ಗುಂಟೆ ಕೊಟ್ಟೆ" ಎಂದರೆ ಒಪ್ಪಬೇಡಿ. ಅದು 272¼ ಚದರಡಿ, ಪಹಣಿಯ ಭಾಷೆಯಲ್ಲಿ ನಾಲ್ಕು ಆಣೆ, ಅಂದರೆ ಕಾಲು ಗುಂಟೆ.

ನಮ್ಮ ಅಜ್ಜಂದಿರಿಗೆ ಕಾಲು, ಅರೆ, ಮುಕ್ಕಾಲಿನ ಮಗ್ಗಿ ಬಾಯಿಪಾಠವಾಗಿತ್ತು. ಈಗಿನ ಮಕ್ಕಳಿಗೆ ಭಿನ್ನರಾಶಿ ಪಾಠ ಇದೆ, ಆದರೆ ಅದು ಪುಸ್ತಕದಲ್ಲೇ ಉಳಿದಿದೆ. ಮೇಷ್ಟ್ರುಗಳು ಒಂದು ದಿನ ಮಕ್ಕಳ ಕೈಗೆ ಟೇಪ್ ಕೊಟ್ಟು ಶಾಲೆಯ ಜಗಲಿ ಅಳೆಸಲಿ. ಇಂಚು ಬಿಡದೆ ಲೆಕ್ಕ ಮಾಡಿಸಲಿ. ಮನೆಯಲ್ಲಿ ವ್ಯಾಪಾರ ನಡೆದಾಗ ಹೆಬ್ಬೆಟ್ಟು ಒತ್ತುವ ಮೊದಲು ಆ ಮಗುವನ್ನೇ ಕೇಳಿ.

ಆ ದಿನ ಬಸ್ಸಿಳಿದು ಫೋನ್ ಮಾಡಿದೆವು. ಕರಾರು ಪತ್ರ ಇನ್ನೂ ಬರೆದಿರಲಿಲ್ಲ, ಲೆಕ್ಕ ಸರಿಯಾಯಿತು. ಆ ತಾಯಿ ಕೇಳಿದ್ದು ಒಂದೇ ಮಾತು: "ನೀವು ಓದಿದೋರು ಅಲ್ಲೇ ನಿಂತಿದ್ರಲ್ಲಪ್ಪ, ಆಗ್ಲೇ ಯಾಕೆ ಹೇಳ್ಲಿಲ್ಲ?"