‘ಅಮ್ಮ’ ಅಕ್ಷರವಲ್ಲವಂತೆ!

ಅಕ್ಷರವೆಂದರೆ ನಾಶವಿಲ್ಲದ್ದು ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಕಂಪ್ಯೂಟರಿನಲ್ಲಿ ಅರ್ಜಿ ತುಂಬುವಾಗ ಈ ಮಾತಿಗೆ ಬೆಲೆಯಿಲ್ಲ. ಹುಡುಗಿಯೊಬ್ಬಳ ಹೆಸರನ್ನು ಕನ್ನಡದಲ್ಲಿ ಬರೆದರೆ ‘ಹೆಸರಿನಲ್ಲಿ ಅಕ್ಷರಗಳು ಮಾತ್ರ ಇರಬೇಕು’ ಎಂಬ ಕೆಂಪು ಸಾಲು ಮೂಡುತ್ತದೆ. ನಾವು ಬರೆದದ್ದು ಅಕ್ಷರವಲ್ಲದೆ ಮತ್ತೇನು, ರಂಗೋಲಿಯೇ?

‘ಯಂತ್ರಕ್ಕೆ ಕನ್ನಡ ಬರುವುದಿಲ್ಲ ಮೇಡಂ, ಇಂಗ್ಲಿಷಿನಲ್ಲೇ ಬರೆದುಬಿಡಿ’ ಎನ್ನುತ್ತಾರೆ ಕೌಂಟರಿನವರು. ಇದು ಶುದ್ಧ ನೆಪ. ಯಂತ್ರ ಹೇಳಿಕೊಟ್ಟಷ್ಟನ್ನು ಒಪ್ಪಿಸುತ್ತದೆ. ತಪ್ಪಿರುವುದು ಹೇಳಿಕೊಟ್ಟವರ ಪಾಠ.

ಆ ಪಾಠ ಹಳೆಯದು. 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿಯವರು ‘ಸಿ’ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸಿದರು. ಅದರಲ್ಲಿ ‘ಈಸ್‌ಆಲ್ಫಾ’ ಎಂಬುದೊಂದಿದೆ. ‘ಇದು ಅಕ್ಷರವೇ?’ ಎಂದು ಕೇಳಿದರೆ ಹೌದು ಅಥವಾ ಅಲ್ಲ ಎನ್ನುವುದಷ್ಟೇ ಅದರ ಕೆಲಸ. ಬೇರೇನೂ ತಿಳಿಸದಿದ್ದರೆ ಅದು ಬಲ್ಲ ಅಕ್ಷರಗಳು 52: ಇಂಗ್ಲಿಷಿನ ದೊಡ್ಡವು 26, ಚಿಕ್ಕವು 26. ಇಂದು ಅರ್ಜಿಗಳನ್ನು ಬೇರೆ ಭಾಷೆಗಳಲ್ಲಿ ಬರೆದರೂ ರೂಢಿ ಹೋಗಿಲ್ಲ. ಎಯಿಂದ ಝಡ್‌ವರೆಗೆ ಇದ್ದರೆ ಅಕ್ಷರ, ಉಳಿದದ್ದು ಕಸ.

‘ಅಮ್ಮ’ ಎಂದು ಬರೆಯಿರಿ. ನಮ್ಮ ಕಣ್ಣಿಗೆ ಎರಡು ಅಕ್ಷರ. ಯೂನಿಕೋಡಿನಲ್ಲಿ ನಾಲ್ಕು ಸಂಕೇತ: ಅ, ಮ, ಅರ್ಧಾಕ್ಷರದ ಗುರುತು, ಮತ್ತೊಂದು ಮ. ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟು, ಒಟ್ಟು 12. ಈಸ್‌ಆಲ್ಫಾ ನೋಡುವುದು ಒಂದೊಂದೇ ಬೈಟನ್ನು. ಸರಿಯಾಗಿ ಕೇಳಿದರೆ ಹನ್ನೆರಡು ಸಲವೂ ‘ಅಲ್ಲ’ ಎನ್ನುತ್ತದೆ. ಸರಿಯಾಗಿ ಕೇಳದಿದ್ದರೆ ಇನ್ನೂ ಕಷ್ಟ. 127ಕ್ಕಿಂತ ದೊಡ್ಡ ಬೈಟನ್ನು ಎಷ್ಟೋ ಯಂತ್ರಗಳು ಋಣಸಂಖ್ಯೆಯೆಂದು ತಿಳಿಯುತ್ತವೆ. ಆಗ ಏನಾದರೂ ಆಗಬಹುದು, ಸಿ ಭಾಷೆಯ ನಿಯಮ ಅದಕ್ಕೆ ಹೊಣೆಯಲ್ಲ.

‘ಅದಕ್ಕೇ ಲೊಕೇಲ್ ಇದೆಯಲ್ಲ’ ಎನ್ನುತ್ತಾರೆ ತಿಳಿದವರು. ಬಳಸುವವರ ದೇಶಭಾಷೆಯನ್ನು ಪ್ರೋಗ್ರಾಮಿಗೆ ತಿಳಿಸುವ ಈ ಏರ್ಪಾಡು 1989ರ ಸಿ ಮಾನಕದಲ್ಲೇ ಬಂತು. ಆದರೆ ಬೈಟು ಬೈಟಾಗಿ ನೋಡುವ ಚಾಳಿ ಅದರಿಂದ ಬಿಡುವುದಿಲ್ಲ. ಅಲ್ಲದೆ ಅದು ಎರಡಲಗಿನ ಕತ್ತಿ. ಟರ್ಕಿ ಭಾಷೆಯಲ್ಲಿ ಚುಕ್ಕೆಯಿರುವ ಚಿಕ್ಕ ‘ಐ’ ದೊಡ್ಡದಾದಾಗಲೂ ಚುಕ್ಕೆ ಉಳಿಸಿಕೊಳ್ಳುತ್ತದೆ. ಲೊಕೇಲನ್ನು ಕುರುಡಾಗಿ ನಂಬಿದ ಪ್ರೋಗ್ರಾಮು ಬೆಂಗಳೂರಿನಲ್ಲಿ ಸರಿಯಾಗಿ ನಡೆದು, ಇಸ್ತಾಂಬುಲ್‌ನಲ್ಲಿ ತನ್ನದೇ ಆಜ್ಞೆಯನ್ನು ಗುರುತಿಸದೆ ನಿಲ್ಲಬಹುದು.

ಹಾಗಾದರೆ ದಾರಿ? ಎರಡು ಕೆಲಸಗಳನ್ನು ಬೇರೆ ಬೇರೆ ಇಡಬೇಕು. ಪ್ರೋಗ್ರಾಮಿನ ಸ್ವಂತ ಆಜ್ಞೆಗಳಿಗೆ ಯಾವ ಊರಿಗೆ ಹೋದರೂ ಬದಲಾಗದ 52ರ ನಿಯಮವೇ ಇರಲಿ, ನನ್ನ ತಕರಾರಿಲ್ಲ. ಮನುಷ್ಯರ ಹೆಸರಿಗೆ ಮಾತ್ರ ಯೂನಿಕೋಡಿನ ಪಟ್ಟಿಯನ್ನು ನೋಡಬೇಕು. ಕನ್ನಡ ಅದರಲ್ಲಿ 1991ರಿಂದಲೇ ಇದೆ. ಅಲ್ಲೂ ‘ಅಕ್ಷರ’ ವರ್ಗವೊಂದನ್ನೇ ಒಪ್ಪಿದರೆ ಸಾಲದು; ನಮ್ಮ ಕಾಗುಣಿತದ ಗುರುತುಗಳೂ ಅರ್ಧಾಕ್ಷರದ ಗುರುತೂ ‘ಚಿಹ್ನೆ’ ಎಂಬ ಬೇರೆ ವರ್ಗದಲ್ಲಿವೆ. ಅವನ್ನು ಕಿತ್ತರೆ ‘ಅಮ್ಮ’ ಹೋಗಿ ‘ಅಮಮ’ ಆಗುತ್ತಾಳೆ. ಕಾಗುಣಿತ ಬಿಟ್ಟು ಬರೆದ ಮಗುವಿಗೆ ನಾವು ಅಂಕ ಕಳೆಯುತ್ತೇವೆ. ಹಾಗೆ ಬರೆಯುವ ಯಂತ್ರಕ್ಕೆ ಮಾತ್ರ ತಲೆಬಾಗಬೇಕೆ?

ಗೆಳತಿಯರೇ, ‘ಇಂಗ್ಲಿಷಿನಲ್ಲೇ ಬರೆದುಬಿಡಿ’ ಎಂದಾಗ ಸುಮ್ಮನೆ ತಲೆಯಾಡಿಸಬೇಡಿ, ಲಿಖಿತ ದೂರು ಕೊಡಿ. ಮನೆಯಲ್ಲಿ ಇಂಜಿನಿಯರಿಂಗ್ ಓದುವ ಮಗಳೋ ಮಗನೋ ಇದ್ದರೆ, ಬರೆದ ಪ್ರತಿ ಪ್ರೋಗ್ರಾಮಿಗೂ ಮೊದಲು ‘ಅಮ್ಮ’ ಎಂಬ ಹೆಸರು ಕೊಟ್ಟು ನೋಡಲು ಹೇಳಿ. ಅದು ಒಪ್ಪದಿದ್ದರೆ ಕೆಲಸ ಇನ್ನೂ ಮುಗಿದಿಲ್ಲವೆಂದೇ ಅರ್ಥ.